ದೊಡ್ಡ ಕೈಯ ಪುಟ್ಟ ಮನುಷ್ಯ: ಒಂದು ಚಿತ್ರದ ವಿಮರ್ಶೆ

ವಿಮರ್ಶೆ ಅಂದ ತಕ್ಷಣ ನೀವು ಯಾವುದೋ ಕಾದಂಬರಿಯದ್ದೋ, ಹೊಸ ಸಿನಿಮಾದ್ದೋ ಅಂದುಕೊಂಡಿರುತ್ತೀರಿ. ಇವತ್ತು ನಾನು ವಿಮರ್ಶೆಗೆ ತೆಗೆದುಕೊಂಡಿರುವುದು ಒಂದು ಚಿತ್ರವನ್ನು. ಗ್ಯಾಲರಿಯಲ್ಲಿ ತೂಗುಹಾಕಿದ ಚಿತ್ರ ಅಲ್ಲ, ಬಯಾಲಜಿ ಪುಸ್ತಕದಲ್ಲಿ ಬರುವ ಚಿತ್ರ. ನಮ್ಮ ಹೊಸ ಎಪಿಸೋಡ್ ಕೇಳಿದವರಿಗೆ ನೆನಪಿರಬಹುದು, ಕೈಕಾಲು ಆಡಿಸುವುದರಲ್ಲಿ ಮಿದುಳಿನ ಪಾತ್ರ ಏನು ಅಂತ ಮಾತಾಡುವಾಗ ಈ ಚಿತ್ರದ ಹೆಸರು ಬಂತು, "ಅದರ ಬಗ್ಗೆ ಆಮೇಲೆ ಬರೀತೀನಿ" ಅಂತ ಹೇಳಿ ಮುಂದಕ್ಕೆ ಹೋದೆ. ಹಾಗೆ ಹೋಗಿದ್ದಕ್ಕೆ ಕಾರಣ ಟೈಮ್ ಇಲ್ಲ ಅನ್ನೋದಲ್ಲ. ಈ ಚಿತ್ರ ನಂಬಿ ನಾನು ನಮ್ಮ ಮನೆಯಲ್ಲಿ ಒಂದು ತಪ್ಪು ಮಾಡಿದ್ದೇನೆ. ಮೈಕ್ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಮೊದಲು ಚಿತ್ರ ನೋಡೋಣ. ಮಿದುಳನ್ನು ಈ ಕಿವಿಯಿಂದ ಆ ಕಿವಿಯವರೆಗೆ ಕೊಯ್ದು, ಅದರ ಅರ್ಧ ಭಾಗವನ್ನು ಎದುರಿಗೆ ಇಟ್ಟ ಹಾಗಿದೆ. ಅದರ ಹೊರ ಅಂಚಿನ ಮೇಲೆ ಒಬ್ಬ ವಿಚಿತ್ರ ಮನುಷ್ಯ ಮೈ ಚಾಚಿದ್ದಾನೆ. ಅವನ ಪಾದ ಮಿದುಳಿನ ನಡುವಿನ ಸೀಳಿನೊಳಗೆ ಇಳಿಬಿದ್ದಿದೆ. ಸೊಂಟ, ಬೆನ್ನು, ಭುಜ ಎಲ್ಲಾ ಸೊರಗಿಹೋಗಿವೆ. ಕೈ ಮಾತ್ರ ಮೊರದಷ್ಟು ಅಗಲ, ಹೆಬ್ಬೆರಳು ಇನ್ನೂ ದಪ್ಪ. ಅದರ ಕೆಳಗೆ, ಮೈಯಿಂದ ಬೇರೆಯಾಗಿ, ದೊಡ್ಡ ತುಟಿಯ ಒಂದು ಮುಖ, ಆಮೇಲೆ ನಾಲಿಗೆ. ಇವನ ಹೆಸರು ಹೋಮಂಕ್ಯುಲಸ್. ಲ್ಯಾಟಿನ್ ಭಾಷೆಯಲ್ಲಿ "ಪುಟ್ಟ ಮನುಷ್ಯ" ಅಂತ ಅರ್ಥ. ನಿಮ್ಮಲ್ಲಿ ಇಲ್ಲೇ ಹುಟ್ಟಿ ಬೆಳೆದವರು ಹೈಸ್ಕೂಲಲ್ಲೋ ಕಾಲೇಜಿನ ಸೈಕಾಲಜಿ ಕ್ಲಾಸಲ್ಲೋ ಇವನನ್ನು ಖಂಡಿತ ಎಲ್ಲೋ ನೋಡಿರುತ್ತೀರಿ.

ಇವನು ಹುಟ್ಟಿದ್ದು ನಾನು ಈಗಿರುವ ದೇಶದಲ್ಲೇ, ಕೆನಡಾದ ಮಾಂಟ್ರಿಯಲ್‌ನಲ್ಲಿ. ವೈಲ್ಡರ್ ಪೆನ್‌ಫೀಲ್ಡ್ ಎಂಬ ನರಶಸ್ತ್ರಚಿಕಿತ್ಸಕರು 1934ರಲ್ಲಿ ಅಲ್ಲಿ ಮಾಂಟ್ರಿಯಲ್ ನ್ಯೂರಲಾಜಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಔಷಧಿಗೆ ಬಗ್ಗದ ಮೂರ್ಛೆರೋಗಕ್ಕೆ ಆಪರೇಷನ್ ಮಾಡುವುದು ಅವರ ಕೆಲಸ. ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ಹಾಗಾಗಿ ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ರೋಗಿ ಎಚ್ಚರವಾಗಿರುವಾಗಲೇ, ತೆರೆದ ಮಿದುಳಿನ ಮೇಲೆ ಸಣ್ಣ ವಿದ್ಯುತ್ ತಾಗಿಸಿ ನೋಡುತ್ತಿದ್ದರು. ಬೆರಳು ಕುಣಿಯಿತೋ, ತುಟಿ ಎಳೆಯಿತೋ, ಆ ಜಾಗದ ಮೇಲೆ ನಂಬರ್ ಬರೆದ ಚಿಕ್ಕ ಚೀಟಿ ಇಡುತ್ತಿದ್ದರು. ಉದ್ದೇಶ ಸರಳ: ರೋಗದ ಭಾಗ ತೆಗೆಯುವಾಗ ಕೈಕಾಲು ಆಡಿಸುವ ಭಾಗಕ್ಕೆ ಕತ್ತರಿ ತಾಗಬಾರದು. ಕೆನಡಾದಲ್ಲಿ ಬೆಳೆದ ನಿಮಗೆ ಟೀವಿಯಲ್ಲಿ ಬರುತ್ತಿದ್ದ ಹೆರಿಟೇಜ್ ಮಿನಿಟ್ ನೆನಪಾಗಬಹುದು, ಟೋಸ್ಟ್ ಸೀದ ವಾಸನೆ ಬರುತ್ತದೆ ಅನ್ನುವ ಹೆಂಗಸಿನ ಕಥೆ. ಆ ಡಾಕ್ಟರೇ ಇವರು. ಮಾಂಟ್ರಿಯಲ್‌ನಲ್ಲಿ ಅವರ ಹೆಸರಿನ ರಸ್ತೆಯೂ ಇದೆ.

1937ರಲ್ಲಿ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರೆ ನೂರಕ್ಕೂ ಹೆಚ್ಚು ಆಪರೇಷನ್‌ಗಳ ಫಲಿತಾಂಶವನ್ನು ಒಟ್ಟು ಸೇರಿಸಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಪುಟ್ಟ ಮನುಷ್ಯ ಮೊದಲ ಸಲ ಬಂದ. ಅವನನ್ನು ಬರೆದವರು ಹಾರ್ಟೆನ್ಸ್ ಕ್ಯಾಂಟ್ಲಿ ಎಂಬ ವೈದ್ಯಕೀಯ ಚಿತ್ರಕಾರ್ತಿ. 1950ರಲ್ಲಿ ಪೆನ್‌ಫೀಲ್ಡ್ ಮತ್ತು ಥಿಯೊಡರ್ ರಾಸ್ಮುಸೆನ್ ಬರೆದ ಪುಸ್ತಕದಲ್ಲಿ ಅವನು ಎರಡಾದ: ಸ್ಪರ್ಶಕ್ಕೆ ಒಬ್ಬ, ಚಲನೆಗೆ ಒಬ್ಬ. ನಮಗೆಲ್ಲ ಪರಿಚಯ ಇರುವವನು ಈ ಎರಡನೇ ಜನ್ಮದವನು.

ವಿಮರ್ಶಕನಾಗಿ ಮೊದಲು ಮೆಚ್ಚುಗೆಯ ಮಾತು ಹೇಳಲೇಬೇಕು. ನನ್ನ ಹೊಟ್ಟೆಪಾಡೇ ಡೇಟಾ, ಅಂದರೆ ದಿನಾ ಬೆಳಗಾದರೆ ಯಾರಿಗೋ ಒಂದು ಚಾರ್ಟ್ ಮಾಡಿಕೊಡುವ ಕೆಲಸ. ಇಷ್ಟು ಜನರ ಮಾಹಿತಿಯನ್ನು, ಒಂದು ಸಲ ನೋಡಿದರೆ ಜನ್ಮದಲ್ಲಿ ಮರೆಯದ ಒಂದು ಚಿತ್ರಕ್ಕೆ ಇಳಿಸುವುದು ಸುಲಭದ ಮಾತಲ್ಲ. ಮಿದುಳಿನ ಈ ಪಟ್ಟಿಗೆ ಒಂದು ಕ್ರಮ ಇದೆ, ಕಾಲು ಮೇಲೆ, ಕೈ ನಡುವೆ, ಬಾಯಿ ಕೆಳಗೆ. ನಾಜೂಕು ಕೆಲಸದ ಅಂಗಕ್ಕೆ ಜಾಗ ಜಾಸ್ತಿ. ಈ ಎರಡು ವಿಷಯವನ್ನು ಚಿತ್ರ ಚೆನ್ನಾಗಿ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ತೊಂದರೆ ಬರುವುದು ಅದು ಹೇಳದ ಮಾತನ್ನೂ ನಾವು ಅದರ ಬಾಯಲ್ಲಿ ಹೇಳಿಸಿದಾಗ.

ನಾನು ಹೇಳಿಸಿದ್ದು ಹೀಗೆ.

ನಮ್ಮೂರು ತಿಪಟೂರು. ಎರಡು ವರ್ಷದ ಹಿಂದೆ ಒಂದು ದಿನ ಇಲ್ಲಿ ಮಿಸ್ಸಿಸ್ಸಾಗಾದಲ್ಲಿ ರಾತ್ರಿ ಹತ್ತೂವರೆ, ಅಲ್ಲಿ ಬೆಳಿಗ್ಗೆ. ಅಕ್ಕ ಫೋನ್ ಮಾಡಿದಳು. "ಅಮ್ಮಂಗೆ ಸ್ಟ್ರೋಕ್ ಆಗಿದೆ ಕಣೋ. ಬಲಗಡೆ ಪೂರ್ತಿ ಸ್ವಾಧೀನ ಇಲ್ಲ." ಅಮ್ಮ ಬಾಗಿಲ ಮುಂದೆ ನೀರು ಹಾಕಿ, ರಂಗೋಲಿ ಇಡೋಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆ, ಸ್ಕ್ಯಾನ್, ಒಂದು ವಾರ. ಜೀವಕ್ಕೆ ಅಪಾಯ ಇಲ್ಲ ಅಂತಾದ ಮೇಲೆ ಅಕ್ಕ ರಿಪೋರ್ಟನ್ನು ವಾಟ್ಸ್ಯಾಪಲ್ಲಿ ಕಳಿಸಿದಳು. "ನೀನು ಇದನ್ನೆಲ್ಲಾ ಓದ್ಕೊಂಡಿದೀಯಲ್ಲ, ಕೈ ಬರುತ್ತಾ ಹೇಳು."

ನಾನು ಡಾಕ್ಟರಲ್ಲ. ಮಾಸ್ಟರ್ಸ್ ಮಾಡುವಾಗ ಮಿದುಳಿನ ಸಿಗ್ನಲ್‌ಗಳ ಮೇಲೆ ಒಂದು ಪ್ರಾಜೆಕ್ಟ್ ಮಾಡಿದ್ದೆ, ಅಷ್ಟೇ. ಆದರೆ ಹದಿಮೂರು ಸಾವಿರ ಕಿಲೋಮೀಟರ್ ದೂರ ಕೂತ ಮಗನಿಗೆ ಏನಾದರೂ ಉಪಯೋಗಕ್ಕೆ ಬರಬೇಕು ಅನ್ನೋ ಚಡಪಡಿಕೆ ಇರುತ್ತಲ್ಲ, ಅದು ನಿಮಗೂ ಗೊತ್ತು. ಹಳೇ ಪ್ರೆಸೆಂಟೇಶನ್‌ನಿಂದ ಈ ಪುಟ್ಟ ಮನುಷ್ಯನನ್ನು ತೆಗೆದು ಅಕ್ಕನಿಗೆ ಕಳಿಸಿದೆ. "ನೋಡು, ಕೈಗೆ ಮಿದುಳಲ್ಲಿ ಎಷ್ಟು ದೊಡ್ಡ ಜಾಗ ಇದೆ. ಅಷ್ಟೂ ಜಾಗ ಹಾಳಾಗಿರುತ್ತೆ. ಕಾಲಿಗೆ ಇರೋದು ಚಿಕ್ಕ ಜಾಗ, ಅದು ಬೇಗ ಬರುತ್ತೆ. ಕೈ ಮೇಲೆ ತುಂಬಾ ಆಸೆ ಇಟ್ಕೋಬೇಡಿ" ಅಂತ ಬರೆದೆ.

ಕಾಲು ಬೇಗ ಬಂತು. ಆರನೇ ವಾರಕ್ಕೆ ಅಮ್ಮ ಗೋಡೆ ಹಿಡಿದು ನಡೆದರು. ನನ್ನ ಮಾತು ನಿಜವಾಯಿತು ಅಂತ ಮನೆಯವರೆಲ್ಲ ನಂಬಿದರು. ಹಾಗೇ ಕೈಯ ವಿಷಯದಲ್ಲೂ ನಂಬಿದರು. ವ್ಯಾಯಾಮ ಮಾಡಿಸಲು ಬರುತ್ತಿದ್ದವರು ಬೆರಳಿಗೆ ಹೇಳಿಕೊಟ್ಟದ್ದನ್ನು ದಿನಾ ಮಾಡಿಸುವುದು ನಿಧಾನವಾಗಿ ನಿಂತುಹೋಯಿತು. ಎಡಗೈಯಲ್ಲಿ ಊಟ, ಎಡಗೈಯಲ್ಲಿ ಪೂಜೆ. ಬಲಗೈ ಸೆರಗಿನ ಕೆಳಗೆ ಸೇರಿಕೊಂಡಿತು.

ಈಗ ಚಿತ್ರದ ದೋಷಗಳನ್ನು ಒಂದೊಂದಾಗಿ ನೋಡೋಣ. ನನ್ನ ದೋಷವೂ ಅದರ ಜೊತೆಗೇ ಗೊತ್ತಾಗುತ್ತದೆ.

ಮೊದಲನೆಯದು, ಈ ಚಿತ್ರದಲ್ಲಿ ತಂತಿ ಇಲ್ಲ. ಅಮ್ಮನ ರಿಪೋರ್ಟಿನಲ್ಲಿ ಬರೆದಿದ್ದದ್ದು ಎಡಗಡೆಯ ಇಂಟರ್ನಲ್ ಕ್ಯಾಪ್ಸೂಲ್ ಅಂತ. ಅದು ಮಿದುಳಿನ ಮೇಲ್ಮೈಯಲ್ಲಿಲ್ಲ, ಆಳದಲ್ಲಿದೆ. ಕಾರ್ಟೆಕ್ಸ್ ಅಂದರೆ ತೊಗಟೆ. ಮರದ ತೊಗಟೆಯ ಹಾಗೆ ಮಿದುಳಿನ ಹೊರಪದರ. ಅಲ್ಲಿರುವ ನ್ಯೂರಾನ್‌ಗಳಿಂದ ಹೊರಟ ಎಳೆಗಳು ಕೆಳಗಿಳಿಯುವಾಗ ಈ ಕ್ಯಾಪ್ಸೂಲ್ ಎಂಬ ಇಕ್ಕಟ್ಟಾದ ಜಾಗದಲ್ಲಿ ಕಟ್ಟಾಗಿ ಹಾದುಹೋಗುತ್ತವೆ. ಆಮೇಲೆ ಮಿದುಳಿನ ಬುಡದಲ್ಲಿ ಬಹುಪಾಲು ಎಳೆಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿ ಬೆನ್ನುಹುರಿಗೆ ಇಳಿಯುತ್ತವೆ. ಎಡ ಮಿದುಳಿಗೆ ಪೆಟ್ಟಾದರೆ ಬಲಗೈ ಬಿದ್ದುಹೋಗುವುದು ಅದಕ್ಕೇ. ಕ್ಯಾಪ್ಸೂಲಲ್ಲಿ ಒಂದು ಚಿಕ್ಕ ರಕ್ತನಾಳ ಕಟ್ಟಿಕೊಂಡರೂ ಮುಖ, ಕೈ, ಕಾಲು ಮೂರೂ ಒಟ್ಟಿಗೆ ಹೋಗಬಹುದು. ಅಂದರೆ ಅಮ್ಮನ ತೊಗಟೆಯಲ್ಲಿ ಕೈಯ ಜಾಗ ಹಾಳಾಗಿರಲೇ ಇಲ್ಲ. ಹಾಳಾಗಿದ್ದು ದಾರಿ. ಊರಿನ ಮ್ಯಾಪಲ್ಲಿ ಮನೆಗಳನ್ನು ಬರೆದು ರಸ್ತೆಗಳನ್ನೇ ಬಿಟ್ಟಿದ್ದರೆ, ಅದನ್ನು ನೋಡಿ ಬಸ್ಸು ಯಾಕೆ ಬರಲಿಲ್ಲ ಅಂತ ಹೇಳೋಕಾಗುತ್ತಾ? ನಾನು ಹೇಳಿದ್ದೆ.

ಎರಡನೆಯದು, ಗಾತ್ರವನ್ನು ನಾವು ಓದುವ ರೀತಿ. ಕೈಗೆ ದೊಡ್ಡ ಜಾಗ ಅಂದರೆ ಕೈಯ ಚಲನೆಯಲ್ಲಿ ನಾಜೂಕು ಜಾಸ್ತಿ ಅಂತ ಅರ್ಥ. ಅದು ಬೇಗ ಗುಣವಾಗುತ್ತದೋ ತಡವಾಗುತ್ತದೋ ಎಂಬುದಕ್ಕೆ ಗಾತ್ರ ಉತ್ತರವೇ ಅಲ್ಲ. ಕಾಲು ಸಾಮಾನ್ಯವಾಗಿ ಮೊದಲು ಬರುವುದಕ್ಕೆ ಕಾರಣ ಬೇರೆ. ನಡಿಗೆಯ ತಾಳ ಬಹುಮಟ್ಟಿಗೆ ಬೆನ್ನುಹುರಿಯಲ್ಲೇ ಇದೆ. ಮಿದುಳಿನ ಕಾಂಡದಿಂದ ಇಳಿಯುವ ಹಳೆಯ ದಾರಿಗಳೂ ಅದಕ್ಕೆ ನೆರವಾಗುತ್ತವೆ. ಬೆರಳುಗಳನ್ನು ಒಂದೊಂದಾಗಿ ಬೇರೆ ಬೇರೆ ಆಡಿಸುವುದಕ್ಕೆ ಆ ಹಳೆಯ ದಾರಿಗಳು ಸಾಲುವುದಿಲ್ಲ. 1968ರಲ್ಲಿ ಡೊನಾಲ್ಡ್ ಲಾರೆನ್ಸ್ ಮತ್ತು ಹಾನ್ಸ್ ಕೈಪರ್ಸ್ ಕೋತಿಗಳಲ್ಲಿ ತೊಗಟೆಯಿಂದ ಬೆನ್ನುಹುರಿಗೆ ಇಳಿಯುವ ದಾರಿಯನ್ನು ಎರಡೂ ಕಡೆ ಕತ್ತರಿಸಿ ನೋಡಿದರು. ಕೋತಿಗಳು ಮತ್ತೆ ಓಡಿದವು, ಹತ್ತಿದವು, ಪಂಜರದ ಸರಳನ್ನು ಗಟ್ಟಿಯಾಗಿ ಹಿಡಿದವು. ಆದರೆ ಚಿಕ್ಕ ಗುಳಿಯಲ್ಲಿಟ್ಟ ತಿಂಡಿಯನ್ನು ಹೆಬ್ಬೆರಳು, ತೋರುಬೆರಳಿನಿಂದ ಹೆಕ್ಕಿ ತೆಗೆಯಲು ಆಗಲಿಲ್ಲ. ನಾನು ಹೇಳಿದ ಫಲಿತಾಂಶ ಸರಿ, ಕಾರಣ ತಪ್ಪು. ನಮ್ಮ ಕೆಲಸದಲ್ಲಿ ಇದಕ್ಕಿಂತ ಅಪಾಯದ ಮಾಡೆಲ್ ಇನ್ನೊಂದಿಲ್ಲ. ತಪ್ಪು ಉತ್ತರ ಕೊಡುವ ಮಾಡೆಲನ್ನು ಜನ ಬೇಗ ಬಿಡುತ್ತಾರೆ. ಒಂದು ಸಲ ಸರಿ ಹೇಳಿದ ಮಾಡೆಲನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೂರನೆಯದು, ಗಡಿಗಳು. ಚಿತ್ರದಲ್ಲಿ ಭುಜ ಮುಗಿದ ಮೇಲೆ ಮೊಣಕೈ, ಅದು ಮುಗಿದ ಮೇಲೆ ಮಣಿಕಟ್ಟು, ಆಮೇಲೆ ಕಿರುಬೆರಳು. ಜಮೀನಿನ ಪೋಡಿ ಮಾಡಿದ ಹಾಗೆ ಕಚ್ಚಿತವಾಗಿದೆ. ಆದರೆ 1937ರ ಲೇಖನದಲ್ಲಿ ಇದೇ ಲೇಖಕರು ಒಂದೊಂದು ಬಿಂದುವನ್ನೂ ಗುರುತಿಸಿದ ನಕ್ಷೆಗಳೂ ಇವೆ. ಅಲ್ಲಿ ಕೈಯ ಬಿಂದುಗಳು, ತೋಳಿನ ಬಿಂದುಗಳು ಒಂದರ ಜಾಗದೊಳಗೆ ಇನ್ನೊಂದು ಬಿದ್ದಿವೆ. ಒಂದೇ ಜಾಗ ಮುಟ್ಟಿದರೆ ಎಷ್ಟೋ ಸಲ ಎರಡು ಮೂರು ಕೀಲು ಒಟ್ಟಿಗೆ ಅಲುಗಿವೆ. ಈ ಗೊಂಬೆಯನ್ನು ಕರಾರುವಾಕ್ಕಾದ ಅಳತೆ ಅಂತ ತಿಳಿಯಬಾರದು ಅಂತ 1950ರ ಪುಸ್ತಕದಲ್ಲಿ ಲೇಖಕರೇ ಎಚ್ಚರಿಸಿದ್ದಾರೆ. ಎಚ್ಚರಿಕೆ ಪುಸ್ತಕದಲ್ಲೇ ಉಳಿಯಿತು. ಚಿತ್ರ ಮಾತ್ರ ಪ್ರಪಂಚ ಸುತ್ತಿತು. ಚಾರ್ಟ್ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದನ್ನು ಯಾರು ಓದುತ್ತಾರೆ ಹೇಳಿ.

ಆ ಗಡಿಗಳು ಆಮೇಲೆ ಇನ್ನಷ್ಟು ಅಲುಗಾಡಿದವು. 2002ರಲ್ಲಿ ಪ್ರಿನ್ಸ್‌ಟನ್‌ನ ಮೈಕೆಲ್ ಗ್ರಾಜಿಯಾನೋ ಮತ್ತವರ ಜೊತೆಗಾರರು ಕೋತಿಗಳ ಮಿದುಳಿಗೆ ಕ್ಷಣಮಾತ್ರದ ಬದಲು ಅರ್ಧ ಸೆಕೆಂಡು ವಿದ್ಯುತ್ ಕೊಟ್ಟರು. ಆಗ ಬಂದದ್ದು ಒಂದು ಸ್ನಾಯುವಿನ ಮಿಡಿತವಲ್ಲ. ಒಂದು ಜಾಗ ಮುಟ್ಟಿದರೆ ಕೋತಿಯ ಕೈ ಹಿಡಿ ಕಟ್ಟಿ ಬಾಯಿಯ ಹತ್ತಿರ ಹೋಯಿತು, ಬಾಯಿಯೂ ತೆರೆಯಿತು. ಇಷ್ಟು ಹೊತ್ತು ವಿದ್ಯುತ್ ಕೊಟ್ಟರೆ ಅದು ಅಕ್ಕಪಕ್ಕಕ್ಕೆಲ್ಲ ಹರಡುತ್ತದೆ ಅನ್ನುವ ಆಕ್ಷೇಪಣೆಯೂ ಇದೆ, ಅದು ನ್ಯಾಯವೇ. ಆದರೂ ತೊಗಟೆಯಲ್ಲಿ ಇರುವುದು ಅಂಗಗಳ ಪಟ್ಟಿಯೋ ಕೆಲಸಗಳ ಪಟ್ಟಿಯೋ ಅನ್ನುವ ಪ್ರಶ್ನೆ ಎದ್ದುನಿಂತಿತು.

2023ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಇವಾನ್ ಗಾರ್ಡನ್, ನಿಕೋ ಡೋಸೆನ್‌ಬಾಕ್ ಮತ್ತಿತರರು ಮನುಷ್ಯರ ಮಿದುಳನ್ನು ತುಂಬಾ ಹೊತ್ತು, ತುಂಬಾ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ ಇನ್ನೊಂದು ತಿದ್ದುಪಡಿ ತಂದರು. ಕಾಲು, ಕೈ, ಬಾಯಿಗೆ ಬೇರೆ ಬೇರೆ ಜಾಗ ಇರುವುದು ನಿಜ. ಆದರೆ ಅವುಗಳ ನಡುನಡುವೆ ಯಾವ ಒಂದು ಅಂಗಕ್ಕೂ ಸೇರದ ಜಾಗಗಳಿವೆ, ಅವು ಒಂದಕ್ಕೊಂದು ಜೋಡಿಕೊಂಡಿವೆ. ಯೋಜನೆ, ಎಚ್ಚರ, ಇಡೀ ಮೈಯ ಹೊಂದಾಣಿಕೆ ನೋಡಿಕೊಳ್ಳುವ ಜಾಲದೊಂದಿಗೂ ಅವಕ್ಕೆ ಸಂಪರ್ಕ ಇದೆ. ಕೈಯ ಜಾಗದೊಳಗೂ ಕ್ರಮ ಸಾಲಾಗಿಲ್ಲ, ಬಳೆಬಳೆಯಾಗಿದೆ: ನಡುವೆ ಬೆರಳು, ಸುತ್ತ ಮಣಿಕಟ್ಟು, ಮೊಣಕೈ, ಆಚೆಗೆ ಭುಜ. ಎಂಬತ್ತಾರು ವರ್ಷ ಅಖಂಡವಾಗಿ ಮಲಗಿದ್ದ ಪುಟ್ಟ ಮನುಷ್ಯ ಈಗ ಮೂರು ತುಂಡಾಗಿದ್ದಾನೆ, ಸಂದಿಗಳಲ್ಲಿ ಬೇರೆ ಯಾರೋ ಕೂತಿದ್ದಾರೆ.

ನಾಲ್ಕನೆಯದು, ಈ ಚಿತ್ರದಲ್ಲಿ ಕಾಲ ನಿಂತುಬಿಟ್ಟಿದೆ. ನಕ್ಷೆ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಇರಬಹುದು ಅನ್ನುವುದು ಹಳೇ ವಿಷಯ. ಗ್ರಹಾಂ ಬ್ರೌನ್ ಮತ್ತು ಶೆರಿಂಗ್ಟನ್ 1912ರಲ್ಲೇ, ಒಂದೇ ಬಿಂದು ಪ್ರತಿಸಲ ಒಂದೇ ಉತ್ತರ ಕೊಡುವುದಿಲ್ಲ ಅಂತ ತೋರಿಸಿದ್ದರು. ಆದರೆ ನನ್ನ ಎದೆಗೆ ತಾಗಿದ್ದು 1996ರ ಒಂದು ಪ್ರಯೋಗ. ರ‍್ಯಾಂಡಾಲ್ಫ್ ನೂಡೊ ಮತ್ತು ಜೊತೆಗಾರರು ಕೋತಿಗಳ ತೊಗಟೆಯಲ್ಲಿ, ಕೈಯ ಜಾಗದ ಒಂದು ಚಿಕ್ಕ ಭಾಗಕ್ಕೆ ಸ್ಟ್ರೋಕ್‌ನಂಥ ಪೆಟ್ಟು ಮಾಡಿದರು. ಅಭ್ಯಾಸ ಮಾಡಿಸದೆ ಬಿಟ್ಟ ಕೋತಿಗಳಲ್ಲಿ ಪೆಟ್ಟಾಗದೆ ಉಳಿದಿದ್ದ ಕೈಯ ಜಾಗವೂ ಕುಗ್ಗುತ್ತಾ ಹೋಗುತ್ತಿತ್ತು. ದಿನಾ ಚಿಕ್ಕ ಗುಳಿಗಳಿಂದ ತಿಂಡಿ ಹೆಕ್ಕುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಆ ಜಾಗ ಉಳಿಯಿತು. ಕೆಲವದರಲ್ಲಿ ಮೊಣಕೈ, ಭುಜದ ಜಾಗದೊಳಕ್ಕೂ ಹರಡಿತು.

ಇದನ್ನು ಓದಿದಾಗ ನಾನು ಎದ್ದು ಬಾಲ್ಕನಿಗೆ ಹೋಗಿ ನಿಂತುಕೊಂಡೆ. ಕೋತಿಯ ತೊಗಟೆಯ ಪೆಟ್ಟು ಬೇರೆ, ಅಮ್ಮನ ದಾರಿಯ ಪೆಟ್ಟು ಬೇರೆ, ಒಂದರ ಲೆಕ್ಕ ಇನ್ನೊಂದಕ್ಕೆ ಹಾಗೇ ಹೊಂದುವುದಿಲ್ಲ ಅಂತ ನನಗೂ ಗೊತ್ತು. ಆದರೆ ನನ್ನ ಚಿತ್ರ ಮನೆಯವರಿಗೆ ಹೇಳಿದ್ದು "ಜಾಗ ಹೋಯಿತು, ಮುಗಿಯಿತು" ಅಂತ. ಆ ಪ್ರಯೋಗ ಹೇಳುತ್ತಿದ್ದದ್ದು, ಜಾಗ ಉಳಿಯುವುದು ಬಳಸಿದರೆ ಮಾತ್ರ ಅಂತ. ಬಳಸಬೇಡಿ ಅಂತ ನಾನೇ ಹೇಳಿದ ಹಾಗಾಗಿತ್ತು.

ಐದನೆಯದು ಎಲ್ಲಕ್ಕಿಂತ ದೊಡ್ಡದು. ನೀವು ಯಾವ ಪಠ್ಯಪುಸ್ತಕ ತೆಗೆದರೂ ಇಚ್ಛಾಚಲನೆ, ಅಂದರೆ ನಮ್ಮ ಇಷ್ಟದಿಂದ ನಾವೇ ಮಾಡುವ ಚಲನೆ, ಎಂಬ ಅಧ್ಯಾಯದಲ್ಲಿ ಈ ಚಿತ್ರ ಇರುತ್ತದೆ. ಆದರೆ ಈ ಚಿತ್ರದ ಹಿಂದಿನ ಒಂದು ಚಲನೆಯೂ ಇಚ್ಛೆಯದ್ದಲ್ಲ. ಎಲ್ಲವೂ ವಿದ್ಯುತ್ತಿನದ್ದು. ಪೆನ್‌ಫೀಲ್ಡ್ ಅವರೇ ಮುಂದೆ ಬರೆದಿದ್ದಾರೆ: ರೋಗಿಯ ಕೈ ಮೇಲೆದ್ದಾಗ, ಏನಾಯಿತು ಅಂತ ಕೇಳಿದರೆ, ಇದನ್ನು ಮಾಡಿದ್ದು ನಾನಲ್ಲ, ನೀವು ಅಂತ ರೋಗಿಗಳು ಹೇಳುತ್ತಿದ್ದರಂತೆ. ಎಲ್ಲಿ ಮುಟ್ಟಿದರೆ ಏನು ಅಲುಗುತ್ತದೆ ಅನ್ನುವುದು ಸರ್ಜನ್ನರ ಪ್ರಶ್ನೆ. ಕತ್ತರಿ ಹಿಡಿದವರಿಗೆ ಅದು ಬೇಕೇ ಬೇಕು. ನಾನು ನನ್ನ ಕೈಯನ್ನು ಹೇಗೆ ಎತ್ತುತ್ತೇನೆ ಅನ್ನುವುದು ಇನ್ನೊಂದು ಪ್ರಶ್ನೆ. ಮೊದಲನೇ ಪ್ರಶ್ನೆಯ ಉತ್ತರವನ್ನು ನಾವು ಎರಡನೆಯದರ ಮುಂದೆ ಬರೆದುಕೊಂಡು ಕೂತಿದ್ದೇವೆ.

ಇಲ್ಲಿ ನಮ್ಮ ಭಾಷೆ ಚಿತ್ರಕ್ಕಿಂತ ಜಾಣತನ ತೋರಿಸಿದೆ. ಅಕ್ಕ ಫೋನಲ್ಲಿ ಹೇಳಿದ ಮಾತು ನೋಡಿ: "ಸ್ವಾಧೀನ ಇಲ್ಲ." ಇಲ್ಲೇ ಬೆಳೆದವರಿಗಾಗಿ ಬಿಡಿಸಿ ಹೇಳುತ್ತೇನೆ. ಸ್ವ ಅಂದರೆ ತನ್ನ, ಅಧೀನ ಅಂದರೆ ಅಂಕೆಯಲ್ಲಿರುವುದು. ಕೈ ಹೋಯಿತು ಅನ್ನಲಿಲ್ಲ ಅವಳು. ಕೈ ಇದೆ, ಆದರೆ ಅದರ ಯಜಮಾನಿಕೆ ತಪ್ಪಿದೆ. ಪೆನ್‌ಫೀಲ್ಡ್ ಅವರ ಟೇಬಲ್ ಮೇಲೆ ಅಲುಗಿದ ಕೈಯೂ ಹಾಗೇ, ಅಲುಗಿತು ನಿಜ, ಸ್ವಾಧೀನದಲ್ಲಿರಲಿಲ್ಲ.

ಹಾಗಾದರೆ ಆ ಸ್ವಾಧೀನ ಎಲ್ಲಿದೆ? ಒಂದು ಬಿಂದುವಿನಲ್ಲಂತೂ ಇಲ್ಲ. 2009ರಲ್ಲಿ ಫ್ರಾನ್ಸ್‌ನಲ್ಲಿ ಮಿಶೆಲ್ ಡೆಮ್ಯುರ್ಜೆ ಮತ್ತು ಜೊತೆಗಾರರು, ಎಚ್ಚರವಾಗಿದ್ದ ರೋಗಿಗಳ ಆಪರೇಷನ್ ವೇಳೆ, ಮೋಟಾರ್ ಕಾರ್ಟೆಕ್ಸ್‌ಗಿಂತ ಹಿಂದಿರುವ ಪರೈಟಲ್ ಭಾಗಕ್ಕೆ ವಿದ್ಯುತ್ ಕೊಟ್ಟರು. ರೋಗಿಗಳಿಗೆ ಕೈ ಆಡಿಸಬೇಕು ಅನ್ನುವ ಆಸೆ ಬಂತು. ಸ್ವಲ್ಪ ಹೆಚ್ಚು ಕೊಟ್ಟಾಗ, ಆಡಿಸಿಯೇಬಿಟ್ಟೆ ಅಂದರು, ಸ್ನಾಯು ಅಲುಗಿರಲಿಲ್ಲ. ಮುಂದಿರುವ ಪ್ರೀಮೋಟಾರ್ ಭಾಗಕ್ಕೆ ಕೊಟ್ಟಾಗ ಕೈ ನಿಜವಾಗಿ ಅಲುಗಿತು, ಅವರಿಗೆ ಅದು ಗೊತ್ತೇ ಆಗಲಿಲ್ಲ. ಬಯಕೆ ಒಂದು ಕಡೆ, ಚಲನೆ ಇನ್ನೊಂದು ಕಡೆ. ಇವುಗಳ ಜೊತೆ ಚಲನೆಯನ್ನು ಹದಗೊಳಿಸುವ ಸೆರೆಬೆಲ್ಲಮ್, ಯಾವುದನ್ನು ಬಿಡಬೇಕು ಯಾವುದನ್ನು ತಡೆಯಬೇಕು ಅಂತ ನೋಡುವ ಬೇಸಲ್ ಗ್ಯಾಂಗ್ಲಿಯಾ, ಕೈ ಈಗ ಎಲ್ಲಿದೆ ಅಂತ ತಿಳಿಸುವ ಸ್ಪರ್ಶದ ಭಾಗ, ಎಲ್ಲಾ ಸೇರಿ ಒಂದು ಎಳೆ ರಂಗೋಲಿ. ಬೆನ್ನುಹುರಿಗೆ ಇಳಿಯುವ ಎಳೆಗಳಲ್ಲೂ ಪ್ರಧಾನ ಮೋಟಾರ್ ಕಾರ್ಟೆಕ್ಸ್‌ನಿಂದ ಬರುವುದು ಸುಮಾರು ಮೂರನೇ ಒಂದು ಭಾಗ ಅಂತ ಪಠ್ಯಪುಸ್ತಕಗಳ ಅಂದಾಜು. ಉಳಿದವು ಈ ಅಕ್ಕಪಕ್ಕದವರದ್ದು.

ಮೋಟಾರ್ ಕಾರ್ಟೆಕ್ಸ್ ಒಳಗೂ ಕೆಲಸ ಒಬ್ಬಂಟಿಯದಲ್ಲ. 1980ರ ದಶಕದಲ್ಲಿ ಅಪೊಸ್ಟೊಲೊಸ್ ಜಾರ್ಜೊಪೌಲೊಸ್ ಮತ್ತು ಜೊತೆಗಾರರು ಕೋತಿಗಳಿಗೆ ಎಂಟು ದಿಕ್ಕಿಗೆ ಕೈ ಚಾಚುವ ಆಟ ಕಲಿಸಿ ಒಂದೊಂದು ನ್ಯೂರಾನಿನ ಮಿಡಿತ ಎಣಿಸಿದರು. ಒಂದೊಂದು ನ್ಯೂರಾನಿಗೂ ಒಂದು ಮೆಚ್ಚಿನ ದಿಕ್ಕು ಇತ್ತು. ಆದರೆ ಪಕ್ಕದ ದಿಕ್ಕುಗಳಿಗೂ ಅದು ಅಷ್ಟಿಷ್ಟು ಮಿಡಿಯುತ್ತಿತ್ತು, ಹಾಗಾಗಿ ಒಂದನ್ನೇ ಕೇಳಿದರೆ ಕೈ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗದು. ಎಲ್ಲರ ಓಟನ್ನೂ ಕೂಡಿಸಿದರೆ ದಿಕ್ಕು ಚೆನ್ನಾಗಿ ಸಿಗುತ್ತದೆ. ಮುಂದೆ 2012ರಲ್ಲಿ ಮಾರ್ಕ್ ಚರ್ಚ್‌ಲ್ಯಾಂಡ್, ಕೃಷ್ಣ ಶೆಣೈ ಮತ್ತಿತರರು ಈ ಗುಂಪಿನ ಚಟುವಟಿಕೆ ಕಾಲದಲ್ಲಿ ಹೇಗೆ ಸುತ್ತುತ್ತಾ ಸಾಗುತ್ತದೆ ಅಂತ ತೋರಿಸಿದರು. ಕೈ ಅಲುಗುವುದಕ್ಕೆ ಮೊದಲೇ ನ್ಯೂರಾನ್‌ಗಳು ತಯಾರಿಯಲ್ಲಿರುತ್ತವೆ, ಆದರೂ ಸ್ನಾಯು ಸುಮ್ಮನಿರುತ್ತದೆ. ಬಾಣ ಹೂಡಿ ಬಿಡದೆ ಹಿಡಿದ ಹಾಗೆ. ಪಾರ್ಶ್ವವಾಯು ಆದವರ ಮಿದುಳಿಗೆ ಎಲೆಕ್ಟ್ರೋಡ್ ಇಟ್ಟು, ಅವರ ಮನಸ್ಸಿನ ಚಲನೆಯಿಂದ ಕಂಪ್ಯೂಟರ್ ಕರ್ಸರ್ ಆಡಿಸುವ ಪ್ರಯೋಗಗಳು ನಿಂತಿರುವುದು ಇಂಥ ಗುಂಪಿನ ಲೆಕ್ಕದ ಮೇಲೆ. ಅದರಿಂದ ಇನ್ನೊಂದು ವಿಷಯ ತಿಳಿಯಿತು: ಕೈ ವರ್ಷಗಟ್ಟಲೆ ಅಲುಗದೆ ಇದ್ದರೂ, ಅಲುಗಿಸುವ ಪ್ರಯತ್ನ ತೊಗಟೆಯಲ್ಲಿ ಇನ್ನೂ ಮಿಡಿಯುತ್ತಿರುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ ನಮ್ಮ ಕಸುಬಿನ ಕಿವಿಯನ್ನೂ ಹಿಂಡಬೇಕು. ನೂರಾರು ನ್ಯೂರಾನ್‌ಗಳ ಲೆಕ್ಕವನ್ನು ಎರಡು ಆಯಾಮಕ್ಕೆ ಇಳಿಸಿ, ಬಣ್ಣಬಣ್ಣದ ಸುರುಳಿ ಬರೆದು ತೋರಿಸುತ್ತೇವಲ್ಲ, ಅದೂ ಇವತ್ತಿನ ಪುಟ್ಟ ಮನುಷ್ಯನೇ. ಅದೂ ಕಣ್ಣಿಗೆ ಹಬ್ಬ, ಅದರಲ್ಲೂ ಎಷ್ಟೋ ಬಿಟ್ಟಿರುತ್ತೇವೆ. ಹಳೇ ಚಿತ್ರ ಕೆಟ್ಟದ್ದು, ಹೊಸದು ಒಳ್ಳೆಯದು ಅಂತ ನನ್ನ ವಾದ ಅಲ್ಲ. ಚಿತ್ರ ಯಾವುದೇ ಇರಲಿ, ಅದು ಯಾರ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಅಂತ ಕೇಳಿ, ಆಮೇಲೆ ನಿಮ್ಮ ಪ್ರಶ್ನೆಯನ್ನು ಅದರ ಮುಂದಿಡಿ. ಕ್ಯಾಂಟ್ಲಿ ಅವರ ಚಿತ್ರ ಅದರ ಪ್ರಶ್ನೆಗೆ ಪ್ರಾಮಾಣಿಕ ಉತ್ತರ. ಅಕ್ಕ ಕೇಳಿದ್ದು ಬೇರೆ ಪ್ರಶ್ನೆ.

ಅಕ್ಕನಿಗೆ ನಾನು ತಪ್ಪೊಪ್ಪಿಕೊಂಡಿದ್ದು ಐದು ತಿಂಗಳು ಕಳೆದ ಮೇಲೆ. "ನಾನು ಹೇಳಿದ್ದು ತಪ್ಪು ಅಕ್ಕ. ಆ ಚಿತ್ರದಿಂದ ಅದನ್ನ ಹೇಳೋಕಾಗಲ್ಲ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀನು ಹೇಳ್ದೆ ಅಂತ ನಾವು ಬಿಟ್ವಿ ಕಣೋ" ಅಂದಳು, ಅಷ್ಟೇ. ಬೈದಿದ್ದರೆ ಸುಲಭವಿತ್ತು.

ಬಿಟ್ಟಿದ್ದ ವ್ಯಾಯಾಮ ಮತ್ತೆ ಶುರುವಾಯಿತು. ಬಟ್ಟೆಯ ಕ್ಲಿಪ್ಪು ಒತ್ತುವುದು, ಹುಣಸೆಬೀಜ ಹೆಕ್ಕಿ ಲೋಟಕ್ಕೆ ಹಾಕುವುದು. ಮೊದಮೊದಲು ಅಮ್ಮ ಐದೂ ಬೆರಳಿಂದ ಬಾಚಿ ಎತ್ತುತ್ತಿದ್ದರು, ಅರ್ಧ ಬೀಜ ಕೆಳಗೆ. ಮೊದಲ ತಿಂಗಳುಗಳು ಅತಿ ಮುಖ್ಯ ಅಂತಾರೆ. ಆ ತಿಂಗಳುಗಳಲ್ಲಿ ದಿನಾ ಮಾಡಿಸಿದ್ದರೆ ಇವತ್ತು ಕೈ ಎಷ್ಟು ಬಂದಿರುತ್ತಿತ್ತು? ಆ ಲೆಕ್ಕಕ್ಕೆ ನನ್ನ ಹತ್ತಿರ ಡೇಟಾ ಇಲ್ಲ, ಸಿಗುವುದೂ ಇಲ್ಲ. ಅಮ್ಮ ಒಬ್ಬರೇ, ಆ ಐದು ತಿಂಗಳು ಒಂದೇ ಸಲ.

ಹೋದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಮ್ಮ ಮೆಟ್ಟಿಲ ಮೇಲೆ ಮಣೆ ಹಾಕಿಕೊಂಡು ಕೂತು, ಬಲಗೈಯಲ್ಲಿ ರಂಗೋಲಿ ಪುಡಿ ತೆಗೆದುಕೊಂಡರು. ಚುಕ್ಕಿಗಳನ್ನು ಅಕ್ಕ ಇಟ್ಟಿದ್ದಳು. ಎಳೆ ಎಳೆದದ್ದು ಅಮ್ಮ. ಮೊದಲಿನ ಸಣ್ಣ ಎಳೆಯಲ್ಲ, ಬೆರಳಷ್ಟು ದಪ್ಪ, ಅಲ್ಲಲ್ಲಿ ಪುಡಿ ಗುಪ್ಪೆಯಾಗಿ ಬಿದ್ದಿತ್ತು. ನಾಲ್ಕನೇ ಚುಕ್ಕಿಯ ಹತ್ತಿರ ಕೈ ಸೋತು ನಿಂತಿತು. ನಾನು ಮುಗಿಸಿಕೊಡೋಕೆ ಅಂತ ಬಗ್ಗಿದೆ. "ಬಿಡೋ, ನಾನೇ ಹಾಕ್ತೀನಿ" ಅಂದರು. ಸ್ವಲ್ಪ ಹೊತ್ತು ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಸುಧಾರಿಸಿಕೊಂಡು, ಮತ್ತೆ ಪುಡಿಗೆ ಕೈ ಹಾಕಿದರು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ದೂರದಿಂದ ರಿಪೋರ್ಟ್ ಕಳಿಸಿ "ಏನಾಗುತ್ತೆ ಹೇಳು" ಅಂತ ಕೇಳಿರಬಹುದು. ನೀವು ಏನು ಹೇಳಿದಿರಿ, ಬರೆದು ತಿಳಿಸಿ.